ಅತ್ತೆ ಸೊಸೆ ಜಾರಿಗೆ ತಂದ ಕಾನೂನು

ರಾಜಲಕ್ಷ್ಮಮ್ಮನನ್ನು ನಾನು ಮೊದಲು ನೋಡಿದ್ದು ಮಧುಗಿರಿ ಕೋರ್ಟಿನ ಜಗಲಿಯ ಮೇಲೆ, ಮಗಳ ತಲೆ ಬಾಚುತ್ತಿದ್ದಾಗ. ನಾನು ಒಂದು ಜಿಲ್ಲಾ ಪತ್ರಿಕೆಗೆ ಇಲ್ಲಿಂದ ಸುದ್ದಿ ಕಳಿಸುವವನು. ಕೋರ್ಟಿಗೆ ಹೋಗುವುದು ಕೊಲೆ, ಕಳ್ಳತನ, ಜಮೀನಿನ ತಕರಾರು ಹುಡುಕಿಕೊಂಡು. ತಲೆ ಬಾಚುವುದು ಸುದ್ದಿಯಲ್ಲ. ಆದರೆ ಆ ಹುಡುಗಿಯ ಜಡೆ ಆಗಲೇ ನೀಟಾಗಿ ಹೆಣೆದಿತ್ತು. ಈಕೆ ಅದನ್ನು ಪೂರ್ತಿ ಬಿಚ್ಚಿದಳು, ಬಾಚಿದಳು, ಮತ್ತೆ ಮೊದಲಿದ್ದ ಹಾಗೆಯೇ ಹೆಣೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಚ್ಚಿದಳು. ನೋಡುತ್ತಿದ್ದ ನನಗೆ ತಲೆಕೆಟ್ಟು ಹೋಯಿತು.

'ತಿಂಗಳಿಗೆ ಒಂದು ಸಲ ಸಿಗೋದು ಸಾರ್, ಮೊದಲನೇ ಶನಿವಾರ. ಅದೂ ಮಧ್ಯಾಹ್ನದ ತನಕ ಅಷ್ಟೇ,' ಅಂದರು ಪಕ್ಕದಲ್ಲಿದ್ದ ಅವಳ ಲಾಯರ್ ಲಿಯಾಕತ್ ಅಲಿ. ಶಿರಾದವರು, ವಾರದಲ್ಲಿ ನಾಲ್ಕು ದಿನ ಇಲ್ಲೇ ಇರುತ್ತಾರೆ. 'ಮಾತಾಡಿ ಮುಗಿದ ಮೇಲೆ ಏನು ಮಾಡ್ಬೇಕು ಹೇಳಿ? ಬಾಚ್ತಾಳೆ, ಪಾಪ.'

ಹುಡುಗಿಯ ಹೆಸರು ಬಿಂದುಶ್ರೀ. ಆಗ ಅವಳಿಗೆ ಹನ್ನೊಂದು ವರ್ಷ. ಅವಳ ಅಪ್ಪ ನವೀನ್ ಕುಮಾರ್ ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯವನು, ಅಲ್ಲಿಯ ಹಾಲಿನ ಡೇರಿಯ ಕಾರ್ಯದರ್ಶಿ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಮಧುಗಿರಿಯಲ್ಲೇ ಬಾಡಿಗೆ ಮನೆ ಮಾಡಿದ್ದರು. ಹೊಂದಿಕೆಯಾಗಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಎರಡೂ ಕಡೆಯ ಲಾಯರುಗಳು ಕೋರ್ಟಿಗೆ ಬರೆದುಕೊಟ್ಟಿದ್ದನ್ನು ಓದಿದರೆ ಇಬ್ಬರೂ ರಾಕ್ಷಸರು ಅನ್ನಿಸುತ್ತದೆ. ನಾನು ನೋಡಿದ ಮಟ್ಟಿಗೆ ಇಬ್ಬರೂ ಅಲ್ಲ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವಳು ಬೇಕಾದ ಹೊತ್ತಿಗೆ ಬಾಯಿ ಬಿಡುವುದಿಲ್ಲ, ಅಷ್ಟೆ.

ಮನೆ ಬಿಟ್ಟು ಬಂದ ರಾಜಲಕ್ಷ್ಮಮ್ಮನಿಗೆ ಕೆಲಸ ಸಿಕ್ಕಿದ್ದು ಪಾವಗಡದಾಚೆ ರಾಯಚರ್ಲು ಹತ್ತಿರ, ಸೋಲಾರ್ ಪ್ಲೇಟು ತೊಳೆಯುವ ಕೆಲಸ. ಅಲ್ಲಿ ಹೆಂಗಸರೆಲ್ಲ ಒಂದೇ ಶೆಡ್ಡಿನಲ್ಲಿ ಮಲಗಬೇಕಿತ್ತು. ಅದಕ್ಕೇ ಮಗಳನ್ನು ಅತ್ತೆಯ ಕೈಗೆ ಕೊಟ್ಟು, 'ಒಂದು ತಿಂಗಳು ನೋಡ್ಕಳಿ ಅತ್ತೆ, ಒಂದು ರೂಮು ಮಾಡಿ ಕರ್ಕಂಡೋಗ್ತೀನಿ' ಎಂದು ಹೋದಳು. ಅವಳು ರೂಮು ಮಾಡುವಷ್ಟರಲ್ಲಿ ನವೀನ್ ಕುಮಾರ್ ಕೋರ್ಟಿಗೆ ಅರ್ಜಿ ಹಾಕಿದ್ದ. ಮಗು ಈಗ ಇರುವ ಕಡೆ ಚೆನ್ನಾಗಿದೆ, ಶಾಲೆಗೆ ಹೋಗುತ್ತಿದೆ, ಅಜ್ಜಿ ಇದ್ದಾರೆ, ಕದಲಿಸುವುದು ಬೇಡ ಎಂದು ಆದೇಶವಾಯಿತು. ಅತ್ತೆಯನ್ನು ನಂಬಿದ್ದೇ ಅವಳಿಗೆ ಮುಳುವಾಯಿತು ಎಂದು ನೀವು ಹೇಳಬಹುದು. ಅವಳು ಮಾತ್ರ ಒಂದು ದಿನವೂ ಹಾಗೆ ಹೇಳಲಿಲ್ಲ. 'ಅತ್ತೆ ಚೆನ್ನಾಗ್ ನೋಡ್ಕಂಡ್ರು ಸಾ, ಅದಕ್ಕೇ ಕೋರ್ಟು ಅಲ್ಲೇ ಬುಟ್ತು' ಅನ್ನುತ್ತಿದ್ದಳು. ಬೇರೆ ಯಾರೋ ಹೆಂಗಸಿನ ವಿಷಯ ಹೇಳುವ ಹಾಗೆ ಹೇಳುತ್ತಿದ್ದಳು.

ಅತ್ತೆ ಅಂದರೆ ಚಿಕ್ಕಹನುಮಕ್ಕ. ಎಪ್ಪತ್ತರ ಮೇಲಿನ ವಯಸ್ಸು, ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಶನಿವಾರ ಮೊಮ್ಮಗಳ ಜೊತೆ ಅವಳೂ ಬಂದರೆ ಸೊಸೆಗೆ ಹುರಿದ ಕಡಲೆಕಾಯಿ ತರುತ್ತಿದ್ದಳು. ಮಗ ನೋಡದ ಹಾಗೆ ಕೊಡುತ್ತಿದ್ದಳು.

ಈಗ ರಾಜಕೀಯಕ್ಕೆ ಬರುತ್ತೇನೆ. ನನಗೆ ಅದರ ಮೇಲೆ ಪ್ರೀತಿಯಿಲ್ಲ, ಹೊಟ್ಟೆಪಾಡು.

ಲೋಕಸಭೆ ಚುನಾವಣೆ ಹತ್ತಿರ ಬರುತ್ತಿತ್ತು. ಕೊರಟಗೆರೆಯಲ್ಲಿ ಬೈಕ್ ಷೋರೂಮಿನ ಮ್ಯಾನೇಜರಾಗಿರುವ ಚೇತನ್ ಕುಮಾರ್ ಎಂಬಾತ, ಹೆಂಡತಿಯ ಹತ್ತಿರ ಇರುವ ತನ್ನ ಮಗನನ್ನು ನೋಡಲಾಗದೆ ಒದ್ದಾಡಿ, ತನ್ನಂಥ ಅಪ್ಪಂದಿರನ್ನೆಲ್ಲ ಸೇರಿಸಿ ಒಂದು ಬಳಗ ಮಾಡಿದ್ದ. ಕಾನೂನು ಬದಲಾಗಬೇಕು, ಬೇರೆಯಾದ ಮೇಲೂ ಮಕ್ಕಳು ಅಪ್ಪ ಅಮ್ಮ ಇಬ್ಬರ ಮನೆಯಲ್ಲೂ ಬೆಳೆಯಬೇಕು, ಹಾಗೆ ಹೇಳುವ ಪಕ್ಷಕ್ಕೇ ನಮ್ಮ ಓಟು ಎಂದು ಅವರ ಮಾತು. ರಾಜಲಕ್ಷ್ಮಮ್ಮ ಆ ಸಭೆಗೂ ಹೋದಳು. 'ನಂದೂ ಅದೇ ಕತೆ ಅಲ್ವಾ ಸಾ' ಅಂದಳು ನನಗೆ. ಅಲ್ಲಿ ಇದ್ದವಳು ಅವಳೊಬ್ಬಳೇ ಹೆಂಗಸು. ಎದ್ದು ನಿಂತವರೆಲ್ಲ ಹೆಂಗಸರನ್ನು ಬೈದು ಕೂತರು. ಅವಳಿಗೆ ಕಾಫಿ ಕೊಟ್ಟು, ನಿಮ್ಮ ಯಜಮಾನರು ಬಂದಿಲ್ಲವಾ ಎಂದು ಕೇಳಿದರು.

ಮುಂದಿನ ವಾರ ತಾಲ್ಲೂಕು ಕಚೇರಿ ಮುಂದೆ ಮಹಿಳಾ ಸಂಘಟನೆಯವರ ಧರಣಿ. ಇಂಥ ಕಾನೂನು ಬಂದರೆ ಗಂಡಸರು ಮಕ್ಕಳನ್ನು ಮುಂದಿಟ್ಟುಕೊಂಡು ಹೆಂಡತಿಗೆ ಜೀವನಾಂಶ ತಪ್ಪಿಸುತ್ತಾರೆ, ಹೊಡೆತ ತಿಂದು ಬಂದವಳು ಹೊಡೆದವನ ಮುಖ ವಾರವಾರ ನೋಡಬೇಕಾಗುತ್ತದೆ ಎಂದು ಅವರು ವಿವರಿಸಿದರು. ಅಲ್ಲಿಗೂ ಹೋಗಿದ್ದಳು. 'ಅವ್ರು ಏಳೋದೂ ದಿಟವೇ' ಎಂದು ಒಪ್ಪಿಕೊಂಡು ಬಂದಳು. ಅಲ್ಲೂ ಕಾಫಿ ಕೊಟ್ಟರು. ಮಗು ಗಂಡನ ಹತ್ತಿರ ಇದೆ ಅಂದಾಗ ಪಕ್ಕದಲ್ಲಿ ಕೂತಿದ್ದವಳು ಸ್ವಲ್ಪ ಸರಿದು ಕೂತಳಂತೆ. ತಾಯಿಯಾದವಳಿಗೆ ಮಗು ಕೊಟ್ಟಿಲ್ಲ ಅಂದರೆ ಏನೋ ಇರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಇದು ನನಗೆ ಮೈ ಉರಿಸುವ ವಿಷಯ. ಅವಳಿಗೆ ಅಭ್ಯಾಸವಾಗಿತ್ತು.

ಟಿವಿಯಲ್ಲಿ ಆಗ ದಿನಾ ಬೆಳಗಾದರೆ ಏಕರೂಪ ನಾಗರಿಕ ಸಂಹಿತೆಯ ಗಲಾಟೆ. ಲಿಯಾಕತ್ ಅಲಿಯವರನ್ನು ಕಂಡಕಂಡವರೆಲ್ಲ, ನಿಮ್ಮ ಜನ ಏನಂತಾರೆ ಎಂದು ಕೇಳುವವರೇ. ಒಂದು ದಿನ ಅವರು ರೇಗಿ ಹೇಳಿದರು: 'ಅರೆ, ನನ್ನ ಹತ್ರ ಹಿಂದೂ ತಾಯಿ ಇದಾಳೆ, ಮುಸ್ಲಿಂ ತಂದೆ ಇದಾನೆ. ಇಬ್ಬರಿಗೂ ಏಕರೂಪವಾಗಿ ಸಿಗ್ತಿರೋದು ವಾಯಿದೆ ಒಂದೇ. ಮುಂದಿನ ತಿಂಗಳು ಬಾ, ಮುಂದಿನ ತಿಂಗಳು ಬಾ.'

ಚಳಿಗಾಲ ಮುಗಿಯುವ ಹೊತ್ತಿಗೆ, ಯಾವುದೋ ದೂರದ ರಾಜ್ಯದ ಸಂಸದರೊಬ್ಬರು ದೆಹಲಿಯಲ್ಲಿ ಇದೇ ವಿಷಯದ ಮೇಲೆ ಒಂದು ಖಾಸಗಿ ಮಸೂದೆ ಮಂಡಿಸಿದರು. ಮಂಡಿಸಿದರು ಅಂದರೆ ಸದನದ ಮುಂದೆ ಇಟ್ಟರು, ಅಷ್ಟೆ. ಚರ್ಚೆಯಿಲ್ಲ, ಮತದಾನವಿಲ್ಲ. ಆದರೆ ಅವರ ಪಕ್ಷದವರಿಗೆ ನಮ್ಮ ಕಡೆ ಓಟು ಬೇಕಿತ್ತು. ಪಕ್ಷದ ಹೆಸರು ಬರೆಯುವುದಿಲ್ಲ, ಯಾವ ಪಕ್ಷವಾಗಿದ್ದರೂ ಇದನ್ನೇ ಮಾಡುತ್ತಿತ್ತು. ಮಧುಗಿರಿ ಬಸ್ ನಿಲ್ದಾಣದ ಮುಂದೆ ಪಟಾಕಿ ಹೊಡೆದರು, ಲಾಡು ಹಂಚಿದರು. 'ಇನ್ಮೇಲೆ ಮಕ್ಕಳು ತಂದೆಗೆ ಅರ್ಧ, ತಾಯಿಗೆ ಅರ್ಧ! ಐತಿಹಾಸಿಕ ಕಾನೂನು!' ಎಂದು ಮೈಕಿನಲ್ಲಿ ಕೂಗಿದರು. ಶಿರಾದಲ್ಲೂ ಹೊಡೆದರು. ಅಲ್ಲಿ ಲಾಡು ಹಂಚಿದವರಲ್ಲಿ ಡೇರಿ ಕಾರ್ಯದರ್ಶಿ ನವೀನ್ ಕುಮಾರ್ ಮುಂಚೂಣಿಯಲ್ಲಿದ್ದ, ಯಾಕೆಂದರೆ ಅವನು ಅದೇ ಪಕ್ಷದ ಬೂತ್ ಮುಖಂಡ. ಏನಕ್ಕೆ ಹಂಚುತ್ತಿದ್ದೇನೆ ಎಂದು ಅವನು ಯೋಚಿಸಿದ್ದನೋ ಇಲ್ಲವೋ. ಮೇಲಿನಿಂದ ಹೇಳಿದರು, ಹಂಚಿದ. ಮಿಕ್ಕ ಲಾಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮನೆಗೆ ತಂದು ಅವ್ವನ ಕೈಗೆ ಕೊಟ್ಟ.

ರಾಜಲಕ್ಷ್ಮಮ್ಮ ಆ ದಿನ ಮಧುಗಿರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವಳು ಮೈಕು ಕೇಳಿಸಿಕೊಂಡಳು.

ಅವಳು ದಡ್ಡಿಯಲ್ಲ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಮತ್ತೆ ಹೇಗೆ ನಂಬಿದಳು ಎಂದು ಆಮೇಲೆ ಎಲ್ಲರೂ ಕೇಳಿದರು, ಪೊಲೀಸರು ನಗುತ್ತ ಕೇಳಿದರು. ನನಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿಂದಿನ ವರ್ಷ ಇದೇ ನಿಲ್ದಾಣದಲ್ಲಿ ಇನ್ನೊಂದು ಪಕ್ಷದವರು ಹೀಗೇ ಮೈಕು ಹಿಡಿದು, ಹೆಂಗಸರಿಗೆಲ್ಲ ಬಸ್ಸು ಫ್ರೀ ಅಂದಿದ್ದರು. ಓದಿದವರೆಲ್ಲ ನಕ್ಕಿದ್ದರು. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಆಧಾರ್ ಕಾರ್ಡು ತೋರಿಸಿ ಪಾವಗಡದಿಂದ ಮಧುಗಿರಿಗೆ ದುಡ್ಡು ಕೊಡದೆ ಬಂದಿಳಿದಿದ್ದಳು. ಮೈಕಿನಲ್ಲಿ ಹೇಳುವುದು, ಆಮೇಲೆ ಅದು ಬರುವುದು, ಅವಳು ಕಣ್ಣಾರೆ ಕಂಡದ್ದು. ಸರ್ಕಾರದ ವಿಷಯ ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಅದು ರಾಜ್ಯದ್ದು ಇದು ದೆಹಲಿಯದ್ದು, ಅದು ಸರ್ಕಾರ ಮಾಡಿದ್ದು ಇದು ಒಬ್ಬ ಸದಸ್ಯ ಹೇಳಿದ್ದು ಎಂದು ಅವಳಿಗೆ ಯಾರು ಬಿಡಿಸಿ ಹೇಳಿದ್ದರು?

ಏಪ್ರಿಲ್‌ನ ಮೊದಲ ಶನಿವಾರ ಬಂತು. ನವೀನ್ ಕುಮಾರ್ ಪ್ರಚಾರಕ್ಕೆ ಹೋಗಿದ್ದರಿಂದ ಬಿಂದುಶ್ರೀಯನ್ನು ಕರೆತಂದವಳು ಅಜ್ಜಿ ಒಬ್ಬಳೇ. ಹುಡುಗಿಯ ಪರೀಕ್ಷೆಗಳು ಮುಗಿದಿದ್ದವು, ಬೇಸಿಗೆ ರಜೆ ಎದುರಿಗಿತ್ತು, ಯುಗಾದಿಗೆ ಮೂರೇ ದಿನ. ಮಧ್ಯಾಹ್ನವಾಯಿತು, ಜಡೆ ಹೆಣೆದದ್ದೂ ಆಯಿತು. ಆಗ ರಾಜಲಕ್ಷ್ಮಮ್ಮ ಬಾಯಿ ಬಿಟ್ಟಳು.

'ಅತ್ತೆ, ಕಾನೂನು ಬಂದೈತಂತಲ್ಲ. ರಜದಾಗೆ ಅರ್ಧ ನಂಗೆ.'

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ ಎಂದು ಹೇಳಲು ಆಸೆ, ಆದರೆ ನಾನಿರಲಿಲ್ಲ. ಇದನ್ನು ಅವಳೂ ಹೇಳಿದ್ದಾಳೆ, ಮುದುಕಿಯೂ ಹೇಳಿದ್ದಾಳೆ, ಎರಡೂ ಒಂದೇ. ಚಿಕ್ಕಹನುಮಕ್ಕ ಜಗಳ ತೆಗೆಯಲಿಲ್ಲ.

'ಊಂ ಕಣಮ್ಮ, ಬಂದೈತೆ. ನಮ್ ನವೀನನೇ ಲಾಡು ಅಂಚವ್ನೆ. ನಾನೂ ಒಂದ್ ತಿಂದೆ,' ಅಂದಳು. ಸ್ವಲ್ಪ ಯೋಚಿಸಿದಳು. 'ಇಷ್ಟ್ ವರ್ಸ ಅಬ್ಬ ನಮ್ ಮನೇಲೇ ಆಯ್ತು. ಈ ಸಲ ನಿನ್ ತಾವ ಇರ್ಲಿ. ರಜ ಅರ್ಧ ಆಗ್ತಿದ್ದಂಗೆ ತಂದ್ಬುಡು. ಕಾನೂನು ಅಂದ್ಮ್ಯಾಕೆ ಇಬ್ರೂ ಸರ್ಯಾಗಿ ನಡ್ಕಬೇಕು.'

ಅಷ್ಟೇ ನಡೆದದ್ದು. ದೊಡ್ಡ ದೊಡ್ಡ ವಕೀಲರು, ಆಯೋಗಗಳು, ಸಂಘಗಳು ವರ್ಷಗಟ್ಟಲೆ ಕಚ್ಚಾಡಿ ತೀರ್ಮಾನಿಸಲಾಗದ್ದನ್ನು ಇಬ್ಬರು ಹೆಂಗಸರು ಕೋರ್ಟಿನ ಜಗಲಿಯ ಮೇಲೆ ನಿಂತುಕೊಂಡು ಜಾರಿಗೆ ತಂದರು. ಮುದುಕಿ ಮೊಮ್ಮಗಳನ್ನು ಪಾವಗಡದ ಬಸ್ಸಿಗೆ ತಾನೇ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಹುಷಾರು ಎಂದು ಹೇಳಿ ಶಿರಾ ಬಸ್ಸು ಹಿಡಿದಳು.

ರಾಯಚರ್ಲುವಿನಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ರಾಜಲಕ್ಷ್ಮಮ್ಮನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಬೇವು ಬೆಲ್ಲ ತಿಂದರು. ಒಬ್ಬಟ್ಟು ಮಾಡಿದಳು, ಹೂರಣ ಸ್ವಲ್ಪ ತೆಳುವಾಯಿತು. ಬೆಳಿಗ್ಗೆ ಅವಳು ಪ್ಲೇಟು ತೊಳೆಯಲು ಹೋದರೆ ಹುಡುಗಿ ರೂಮಿನಲ್ಲಿ ಮೊಬೈಲು ನೋಡಿಕೊಂಡಿರುತ್ತಿದ್ದಳು. ಬಿಸಿಲು ಇಳಿದ ಮೇಲೆ ಇಬ್ಬರೂ ಸೋಲಾರ್ ಪ್ಲೇಟುಗಳ ಬೇಲಿ ಪಕ್ಕ ಅಂಗಡಿವರೆಗೂ ನಡೆದು ಬರುತ್ತಿದ್ದರು. ಅಂಗಡಿಯಾಕೆ 'ಮೀ ಪಾಪಾ?' ಎಂದು ತೆಲುಗಿನಲ್ಲಿ ಕೇಳಿದಾಗ ಇವಳು 'ಅವುನು, ನಾ ಕೂತುರೇ' ಅಂದಳಂತೆ. ನಿಮ್ಮ ಮಗುವಾ ಎಂದರೆ, ಹೌದು, ನನ್ನ ಮಗಳೇ ಎಂದು. ಮಾರನೆಯ ದಿನವೂ ಆಕೆ ಕೇಳಲಿ ಎಂದು ಕಾದಳಂತೆ. ಇದನ್ನು ಮಾತ್ರ ತಾನಾಗಿಯೇ ಹೇಳಿದಳು. ಅಲ್ಲಿದ್ದಷ್ಟು ದಿನ ಮಗಳ ತಲೆಯನ್ನು ದಿನಕ್ಕೆ ಒಂದೇ ಸಲ ಬಾಚಿದಳು.

ಯುಗಾದಿಗೆ ಮನೆಗೆ ಬಂದ ನವೀನ್ ಕುಮಾರನಿಗೆ ಅವನವ್ವ ವಿಷಯ ಹೇಳಿದಳು. ಅವನು ಕುಣಿದಾಡಿಬಿಟ್ಟ. 'ಯಾವ್ ಕಾನೂನು? ಯಾವ್ ಕಾನೂನು ಬಂದೈತವ್ವಾ?' ಎಂದು ಕೂಗಿದ. 'ನೀನೇ ಲಾಡು ತಂದಿದ್ದಲ್ಲ' ಅಂದಳು ಮುದುಕಿ. ಅವನು ಬೈಕಿನ ಕೀ ಎತ್ತಿಕೊಂಡ.

ಅವತ್ತೇ ಪೊಲೀಸರ ಹತ್ತಿರ ಹೋಗುತ್ತಿದ್ದ. ಪಕ್ಷದ ತಾಲ್ಲೂಕು ಮುಖಂಡ ನಾಗಲಿಂಗಯ್ಯ ತಡೆದ. ಅರ್ಧ ಅರ್ಧ ಎಂದು ನಾವೇ ಊರೆಲ್ಲ ಕೂಗಿದ್ದೇವೆ, ಈಗ ನಮ್ಮ ಬೂತಿನವನೇ ಹೆಂಡತಿ ಮೇಲೆ ಕಂಪ್ಲೇಂಟು ಕೊಟ್ಟರೆ ಎದುರು ಪಕ್ಷದವರು ಬಿಡುತ್ತಾರಾ? 'ಓಟಿಂಗ್ ಮುಗೀಲಿ ಕಣ್ಲಾ, ಅಲ್ಲೀಗಂಟ ಸ್ಟೇಷನ್ ಮೆಟ್ಲು ಅತ್ಬ್ಯಾಡ' ಅಂದನಂತೆ. ಹಾಗಾಗಿ ಆ ಇಲ್ಲದ ಕಾನೂನು ಚುನಾವಣೆಯ ದಿನದವರೆಗೂ ಜಾರಿಯಲ್ಲಿತ್ತು. ಇವಳು ಎಲ್ಲ ಸರಿಹೋಯಿತು ಅಂದುಕೊಂಡಿದ್ದಳು. ಬರುವ ಭಾನುವಾರ ಮಗಳನ್ನು ಅತ್ತೆಗೆ ಒಪ್ಪಿಸಬೇಕೆಂದು ಬಟ್ಟೆ ಒಗೆದು ಮಡಿಸಿಟ್ಟಿದ್ದಳು.

ಶುಕ್ರವಾರ ಓಟು ಮುಗಿಯಿತು. ಶನಿವಾರ ಬೆಳಿಗ್ಗೆ ನವೀನ್ ಕುಮಾರ್ ಮಧುಗಿರಿ ಪೊಲೀಸರಿಗೆ ದೂರು ಕೊಟ್ಟ. ನನ್ನ ತಾಯಿಯನ್ನು ತಳ್ಳಿ, ಮಗುವನ್ನು ಎಳೆದುಕೊಂಡು ಹೋಗಿದ್ದಾಳೆ ಎಂದು.

ಫೋನು ಬಂದ ತಕ್ಷಣ ರಾಜಲಕ್ಷ್ಮಮ್ಮನೇ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಳು. ಸ್ಟೇಷನ್ನಿನಲ್ಲಿ ಚೀಲ ಕೊಟ್ಟಳು, ಮಗಳನ್ನು ಕೊಟ್ಟಳು, ಹೇಳಿದ ಕಡೆ ಸಹಿ ಹಾಕಿದಳು. ಅವತ್ತು ನಾನಿದ್ದೆ. ಅವಳು ಅಳಲಿಲ್ಲ. ಹುಡುಗಿ ಅತ್ತಳು, ಅಪ್ಪನ ಬೈಕಿನ ಮೇಲೆ ಕೂತ ಮೇಲೂ ಅಳುತ್ತಿದ್ದಳು. ಇವಳು ಆ ಕಡೆ ನೋಡುತ್ತ ನಿಂತಿದ್ದಳು. ಏನಾದರೂ ಬೇಕಾ ಅಮ್ಮ ಎಂದು ಕೇಳಿದೆ. 'ಪಾವಗಡದ ಬಸ್ಸು ಎಷ್ಟೊತ್ಗೈತೆ ಸಾ?' ಅಂದಳು.

ಆಮೇಲೆ ಕೋರ್ಟಿಗೆ ಬೇಸಿಗೆ ರಜೆ. ಮೊದಲ ಶನಿವಾರಗಳು ನಿಂತುಹೋದವು. ಲಿಯಾಕತ್ ಅಲಿ ಅವಳ ಕಡೆಯಿಂದ ಚೇತನ್ ಕುಮಾರನಿಗೆ ಫೋನು ಮಾಡಿದರು. ಈ ಹೆಂಗಸು ನಿಮ್ಮ ಸಭೆಗೆ ಬಂದವಳು, ನಿಮ್ಮ ಮಾತು ನಂಬಿದವಳು, ಬಂದು ನಾಲ್ಕು ಮಾತು ಹೇಳಿ ಎಂದರು. ನಮ್ಮದು ತಂದೆಯರ ಬಳಗ ಸಾರ್ ಎಂದು ಆತ ನಯವಾಗಿ ಫೋನಿಟ್ಟ. ಮಹಿಳಾ ಸಂಘಟನೆಯವರು ಬರುತ್ತೇವೆ ಅಂದರು. ಯಾರೂ ಬರಲಿಲ್ಲ, ಬೇರೆ ಧರಣಿಯಿತ್ತು. ಮುಖಂಡ ನಾಗಲಿಂಗಯ್ಯನನ್ನು ನಾನೇ ಕೇಳಿದೆ. ಫಲಿತಾಂಶ ಬರಲಿ ನೋಡೋಣ ಅಂದ. ಫಲಿತಾಂಶ ಬಂತು. ಅವನು ನೋಡಲಿಲ್ಲ.

ಜೂನ್‌ನಲ್ಲಿ ವಿಚಾರಣೆ. ಶನಿವಾರದ ಭೇಟಿಯನ್ನೇ ನಿಲ್ಲಿಸಬೇಕೆಂದು ನವೀನ್ ಕುಮಾರ್ ಅರ್ಜಿ ಹಾಕಿದ್ದ. ಲಿಯಾಕತ್ ಅಲಿ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಆ ಮಸೂದೆ ಕಾನೂನಾಗಲೇ ಇಲ್ಲ, ಈಗ ಆ ಲೋಕಸಭೆಯೇ ವಿಸರ್ಜನೆಯಾಗಿ ಮಸೂದೆಯೂ ಬಿದ್ದುಹೋಗಿದೆ. ಆದರೆ ಹೆದರಬೇಕಾಗಿಲ್ಲ. 'ನಿಮ್ಮತ್ತೆ ಒಂದೇ ಒಂದು ಮಾತು ಹೇಳಲಿ, ನಾನೇ ಒಪ್ಪಿ ಕಳಿಸಿದೆ ಅಂತ. ಬಲವಂತ ಇಲ್ಲ, ಅಪಹರಣ ಇಲ್ಲ, ತಪ್ಪು ತಿಳುವಳಿಕೆ ಅಷ್ಟೆ ಅಂತಾಗುತ್ತೆ. ಶನಿವಾರ ನಿಮಗೆ ವಾಪಸ್ ಬರುತ್ತೆ. ಆ ಮಾತು ಬರಲಿಲ್ಲ ಅಂದ್ರೆ ಶನಿವಾರ ಹೋಯ್ತು ಅಂದ್ಕೊಳ್ಳಿ.'

ಆ ಬೆಳಿಗ್ಗೆ ಕೋರ್ಟಿನ ಹಿಂದಿನ ನಲ್ಲಿಯ ಹತ್ತಿರ ಚಿಕ್ಕಹನುಮಕ್ಕ ಸೊಸೆಯನ್ನು ಹುಡುಕಿಕೊಂಡು ಬಂದಳು. ನಾನು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಮುದುಕಿ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

'ಕಳಿಸ್ದೆ ಅಂತ ಏಳಿದ್ರೆ ಅವತ್ತೇ ಮನೆ ಬುಟ್ಟು ಓಗು ಅಂದವ್ನೆ ಕಣಮ್ಮ. ಮಗಳ ಮನೇಗ್ ಓಗಿ ಬಿದ್ಕ ಅಂದವ್ನೆ,' ಅಂದಳು. ಕಣ್ಣು ಒರೆಸಿಕೊಂಡಳು. 'ಓಗ್ಲಿ ಬುಡು. ನಾನು ದಿಟಾನೇ ಏಳ್ತೀನಿ. ಈ ವಯಸ್ನಾಗೆ ದೇವ್ರ ಮೇಲೆ ಆಣೆ ಮಾಡಿ ಸುಳ್ಳೇಳಕಾಯ್ತದಾ?'

ರಾಜಲಕ್ಷ್ಮಮ್ಮ ನೀರು ಹಿಡಿದು ಅತ್ತೆಗೆ ಕುಡಿಯಲು ಕೊಟ್ಟಳು.

ಒಳಗೆ ಚಿಕ್ಕಹನುಮಕ್ಕನನ್ನು ಕಟಕಟೆಗೆ ಕರೆದರು. ಪ್ರಮಾಣ ಮಾಡಿಸಿದರು. ನವೀನ್ ಕುಮಾರ್ ಎದುರಿಗೇ ಕೈಕಟ್ಟಿ ನಿಂತಿದ್ದ. ಮಗು ನಿಮ್ಮ ಒಪ್ಪಿಗೆಯಿಂದ ಹೋಯಿತೋ ಹೇಗೆ ಎಂದು ನ್ಯಾಯಾಧೀಶರು ಸಮಾಧಾನವಾಗಿಯೇ ಕೇಳಿದರು. ಮುದುಕಿ ಬಾಯಿ ತೆರೆದಳು.

'ಅವ್ರನ್ನ ಕೇಳ್ಬೇಡಿ ಸಾಮಿ,' ಎಂದು ಕೆಳಗಿನಿಂದ ರಾಜಲಕ್ಷ್ಮಮ್ಮ ಎದ್ದಳು. 'ಅತ್ತೆ ಕಳಿಸ್ಲಿಲ್ಲ. ಬ್ಯಾಡ ಬ್ಯಾಡ ಅಂದ್ರು, ನಾನೇ ಕರ್ಕಂಡೋದೆ.'

ಲಿಯಾಕತ್ ಅಲಿ ಅವಳ ಸೆರಗು ಹಿಡಿದು ಎಳೆಯುವುದೊಂದು ಬಾಕಿ. ಯೋಚನೆ ಮಾಡಿ ಹೇಳುತ್ತಿದ್ದೀರಾ ಎಂದು ನ್ಯಾಯಾಧೀಶರು ಎರಡು ಸಲ ಕೇಳಿದರು. ಎರಡು ಸಲವೂ ಊಂ ಅಂದಳು. ಕಟಕಟೆಯಲ್ಲಿ ಮುದುಕಿ ಸೊಸೆಯನ್ನೇ ನೋಡುತ್ತ ನಿಂತಳು. ಇಳಿಯಿರಿ ಎಂದು ಹೇಳಿದ ಮೇಲೂ ಇಳಿಯಲಿಲ್ಲ, ಪೇದೆ ಬಂದು ಕೈ ಹಿಡಿದು ಇಳಿಸಿದ.

ಒಂದು ವರ್ಷ ಭೇಟಿ ಬಂದ್. ಆಮೇಲೆ ಬೇಕಾದರೆ ಹೊಸದಾಗಿ ಅರ್ಜಿ ಹಾಕಿಕೊಳ್ಳಬಹುದು. ಹೊರಗೆ ಲಿಯಾಕತ್ ಅಲಿ ಬಾಯಿಗೆ ಬಂದಂತೆ ಬೈದರು. ಅವರು ಬೈಯುತ್ತಿದ್ದುದು ಸಂಕಟಕ್ಕೆ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು: 'ಅವ್ರನ್ನೂ ಆಚೆಗ್ ಹಾಕ್ಬುಟ್ರೆ ಆ ಮನ್ಯಾಗೆ ಮಗೀಗೆ ಯಾರವ್ರೆ ಸಾ?' ಲಿಯಾಕತ್ ಅಲಿ ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡರು.

ಕೆಲವು ವಾರ ಕಳೆದ ಮೇಲೆ ಆದೇಶದ ನಕಲು ತೆಗೆದುಕೊಳ್ಳಲು ಬಂದಿದ್ದಳು. ಬಸ್ ನಿಲ್ದಾಣದ ಹೋಟೆಲಿನಲ್ಲಿ ನಾನು ಕಾಫಿ ಕೊಡಿಸಿದೆ. ಬೆಟ್ಟದ ಕಡೆ ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅದರಲ್ಲಿ ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುವುದು, ಹಾಗಾಗಿ ನನಗೂ ಕೇಳಿಸಿತು. ಬಿಂದುಶ್ರೀ. ಅಪ್ಪ ಡೇರಿಗೆ ಹೋಗಿದ್ದಾನೆ, ಇದು ಅಜ್ಜಿಯ ಫೋನು ಎಂದಳು.

'ಅಮ್ಮಾ, ಅಜ್ಜಿನೇ ಕಳಿಸಿದ್ದು ಅಂತ ನೀನ್ಯಾಕೆ ಹೇಳ್ಲಿಲ್ಲ?' ಅಂದಳು. 'ಹೇಳಿದ್ರೆ ನಾನು ಶನಿವಾರ ಬರ್ಬೌದಿತ್ತಂತೆ. ಅವತ್ತು ಕೋರ್ಟ್ ತಾವ ಅಪ್ಪ ಬೈಕ್ ಹತ್ತಿಸೋವಾಗ ಲಾಯರಂಕಲ್ ಹೇಳ್ತಿದ್ದು ಕೇಳಿಸ್ಕಂಡೆ. ನಿಂಗೆ ನಾನ್ ಬರೋದು ಬ್ಯಾಡ್ವಾ?'

ರಾಜಲಕ್ಷ್ಮಮ್ಮ ಲೋಟ ಕೆಳಗಿಟ್ಟಳು. ಬಸ್ಸೊಂದು ಹಾರ್ನ್ ಮಾಡುತ್ತ ಹೊರಟಿತು, ಅದು ಹೋಗುವವರೆಗೂ ಕಾದಳು.

'ಉಂಡ್ಯಾ?' ಎಂದು ಕೇಳಿದಳು.

'ಇಲ್ಲ. ಅಜ್ಜಿ ಮುದ್ದೆ ಕಟ್ತೈತೆ.'

'ಸರಿ ಓಗು,' ಅಂದಳು. 'ಬಿಸಿ ಇರೋವಾಗ್ಲೇ ಉಣ್ಣೋಗು.'